ಇಮಾಮಸಾಬರ ನಾಲಗೆ

ಮೊನ್ನೆ ಮಗಳು ಕಾಂದಿವಲಿಯ ನಮ್ಮ ಪುಟ್ಟ ಫ್ಲ್ಯಾಟಿಗೆ ಗಾಜಿನ ತೊಟ್ಟಿಯನ್ನೂ ಐದು ಗೋಲ್ಡ್‌ಫಿಶ್‌ಗಳನ್ನೂ ತಂದಳು. ನಮಗೇ ಕಾಲು ಚಾಚಲು ಜಾಗವಿಲ್ಲ, ಅವು ಮಾತ್ರ ಹಾಯಾಗಿ ಅಡ್ಡಾಡಿಕೊಂಡಿವೆ. ಇರಲಿ. ಮೇವಿನ ಪೊಟ್ಟಣ ಕತ್ತರಿಸಿದ್ದೇ ತಡ, ಬೆಳ್ಳುಳ್ಳಿ ವಾಸನೆ ಗಮ್ಮೆಂದಿತು. ಮೇಲೆ ‘ಹರ್ಬಲ್’ ಎಂಬ ದಪ್ಪಕ್ಷರ, ಕೆಳಗೆ ಬೆಳ್ಳುಳ್ಳಿ, ಅರಿಸಿನದ ಚಿತ್ರ. ನಾನು ಅದಕ್ಕೆ ಮೂಗು ತೂರಿಸಿ ನಿಂತುಬಿಟ್ಟೆ.

“ಪಪ್ಪಾ, ಅದು ಮಛಲಿದು ಖಾನಾ. ನೀವ್ಯಾಕೆ ಸೂಂಘ್ ಮಾಡ್ತೀರಿ?” ಎಂದಳು ಮಗಳು.

ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ಇಲ್ಲಿಗೆ ಬರುವ ಮೊದಲು ನಾನು ಕುರ್ಲಾದ ಚಾಳಿನಲ್ಲಿದ್ದೆ. ಪಕ್ಕದ ಖೋಲಿಯಲ್ಲಿ ವಿಜಯಪುರದ ಕಡೆಯ ಇಮಾಮಸಾಬ್, ಅವರ ಹೆಂಡತಿ ರಾಬಿಯಾಬಿ. ಇಮಾಮಸಾಬರು ಗೋಡೆಗೆ ಸಿಮೆಂಟಿನ ಗಿಲಾವು ಮಾಡುವವರು. ಅಟ್ಟಣಿಗೆಯಿಂದ ಬಿದ್ದು ಸೊಂಟ ಹೋದ ಮೇಲೆ ಚಾಳಿನ ಹಿಂದೆ ಸಿಮೆಂಟಿನ ತೊಟ್ಟಿ ಕಟ್ಟಿ ಗೋಲ್ಡ್‌ಫಿಶ್ ಸಾಕಿ, ಮರಿಗಳನ್ನು ಅಂಗಡಿಗಳಿಗೆ ಕೊಡುತ್ತಿದ್ದರು. ಮೀನು ಹೋದರೆ ಅದೇ ಸೊಂಟ ಹೊತ್ತು ಮತ್ತೆ ಅಟ್ಟಣಿಗೆ ಹತ್ತಬೇಕು. ಆದರೂ ಅಂಗಡಿಯವರು ಕೊಡುವ ಔಷಧದ ಪುಡಿ ಅವರಿಗೆ ಬೇಡ.

“ತಿನ್ನೂದ್ರಾಗ ತಾಕತ್ ಇದ್ರ ಜಡ್ಡ ಯಾಕ ಬರ್ತೈತ್ರೀ ಸ್ವಾಮ್ಯಾರ?” ಎನ್ನುತ್ತಿದ್ದರು. ಜಂಗಮರ ಮನೆಯವನಾದ್ದರಿಂದ ನಾನು ಅವರ ಬಾಯಲ್ಲಿ ಸ್ವಾಮ್ಯಾರ.

ಶೇಂಗಾ ಹಿಂಡಿ, ತೌಡು, ಒಣಸಿಗಡಿ ಪುಡಿಗೆ ಅರಿಸಿನ, ಬೆಳ್ಳುಳ್ಳಿ ಜಜ್ಜಿ ಹಾಕಿ ನಾದಿ, ರಾಬಿಯಾಬಿ ಸೇವು ಒತ್ತುವ ಒರಳಿನಲ್ಲಿ ಒತ್ತಿ ಒಣಗಿಸುವುದು. ರಾಬಿಯಾಬಿ ದಿನಾ ಬೈಯುತ್ತಿದ್ದಳು. ಹಬ್ಬದ ಸೇವಿಗೂ ಸಿಗಡಿ ವಾಸನೆ ಬರುತ್ತಿತ್ತಂತೆ. ನಾನು ತಿಂದಿಲ್ಲ, ಹೇಳಲಾರೆ.

ಒಮ್ಮೆ ಗಂಡ ಹೆಂಡತಿ ಮದುವೆಗೆಂದು ವಾರದ ಮಟ್ಟಿಗೆ ಊರಿಗೆ ಹೊರಟರು. ತೊಟ್ಟಿ, ಒರಳು ಎರಡೂ ನನ್ನ ಪಾಲಿಗೆ ಬಂದವು.

“ಒಂದ ಮರೀಬ್ಯಾಡ್ರಿ. ಹಿಟ್ಟ ಚೂರು ನಾಲಗಿ ಮ್ಯಾಲ ಇಟ್ಟ ನೋಡ್ರಿ. ಬಳ್ಳೊಳ್ಳಿ ಮೂಗಿಗಿ ಹತ್ತಬೇಕು, ನಾಲಗಿಗಿ ಚುರ್ರ್ ಅನಬಾರ್ದು.”

ತಲೆಯಾಡಿಸಿದೆ. ಆದರೆ ಸಿಗಡಿ ಬೆರೆತ ಹಿಟ್ಟನ್ನು ನಾನು ನಾಲಗೆಗಿಡುವುದುಂಟೆ? ಶೇಂಗಾ ಚಟ್ನಿಗೆ ಹಾಕುವ ಧಾರಾಳದಲ್ಲಿ ಬೆಳ್ಳುಳ್ಳಿ ಸುರಿದು, ಕಣ್ಣಂದಾಜಿನಲ್ಲೇ ಮುಗಿಸಿ ಗೋರೆಗಾಂವ್ ಆಫೀಸಿಗೆ ಲೋಕಲ್ ಹಿಡಿದೆ. ಸಂಜೆ ಬಂದು ಹಾಕಿದರೆ ಮೀನುಗಳು ಮೂಸಿ ಮುಖ ತಿರುಗಿಸಿದವು. ಸಂಕೋಚಪಡುತ್ತಿವೆಯೆಂದು ಇನ್ನಷ್ಟು ಹಾಕಿ ಉಪಚಾರ ಮಾಡಿದೆ! ತಿನ್ನದ ಮೇವು ತಳದಲ್ಲಿ ಕೊಳೆತು, ನೀರು ಕದಡಿ, ಮೀನುಗಳು ಮೇಲೆ ಬಂದು ಬಾಯಿಬಾಯಿ ಬಿಡತೊಡಗಿದವು. ಅವರು ಬರುವಷ್ಟರಲ್ಲಿ ಒಂಬತ್ತು ತಾಯಿಮೀನು ಸತ್ತಿದ್ದವು.

ಇಮಾಮಸಾಬರು ಮೊದಲು ನೀರು ಬದಲಿಸಿ ಉಳಿದವನ್ನು ಬದುಕಿಸಿಕೊಂಡರು. ಆಮೇಲೆ ಡಬ್ಬಿಯ ಮೇವು ಬಾಯಿಗಿಟ್ಟು ಮುಖ ಹಿಂಡಿದರು.

“ನೀವು ರುಚಿ ನೋಡಿದ್ರಿಲ್ರಿ?”

“ನೋಡಿದ್ನಲ್ರಿ. ಸರಿ ಇತ್ತು,” ಎಂದುಬಿಟ್ಟೆ. ಮೂರು ಹೊತ್ತು ವಿಭೂತಿ ಹಚ್ಚುವವನು ಸುಳ್ಳು ಹೇಳಿಯಾನೇ?

ಅವರು ಇನ್ನೊಂದು ಚೂರು ಬಾಯಿಗಿಟ್ಟರು. “ಹಂಗಾರ ನನ್ನ ನಾಲಗೀನ ಕೆಟ್ಟೈತೇನೋ,” ಎಂದರು.

ಅಂದಿನಿಂದ ಹಿಟ್ಟಿನ ರುಚಿ ನೋಡುವ ಕೆಲಸ ರಾಬಿಯಾಬಿಯ ಪಾಲಾಯಿತು. ಅವಳು ಹೂಂ ಎಂದರೆ ಮಾತ್ರ ಒರಳು ತಿರುಗುವುದು. ಕೈ ಕಟ್ಟಿ ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ ಆ ಮನುಷ್ಯನನ್ನು ಕಂಡಾಗಲೆಲ್ಲ ನಾನು ನನ್ನ ಬಾಗಿಲು ಎಳೆದುಕೊಳ್ಳುತ್ತಿದ್ದೆ. ನಿಜ ಹೇಳಲು ಮಾತ್ರ ಬಾಯಿ ಬರಲಿಲ್ಲ. ಆಮೇಲೆ ಚಾಳು ಬಿಟ್ಟು ಇಲ್ಲಿಗೆ ಬಂದೆ.

ಮೊನ್ನೆ ಮಗಳು ಅತ್ತ ಹೋದಾಗ ಪೊಟ್ಟಣದ ಒಂದು ಕಾಳು ನಾಲಗೆಯ ಮೇಲಿಟ್ಟುಕೊಂಡೆ. ಅದರಲ್ಲೂ ಸಿಗಡಿಯಿತ್ತು. ಬೆಳ್ಳುಳ್ಳಿ ಮೂಗಿಗೆ ಹತ್ತಿತು, ನಾಲಗೆ ಚುರ್ರೆನ್ನಲಿಲ್ಲ. ಬಾಯಿ ತೊಳೆಯುವ ಮೊದಲೇ, ಇನ್ನೂ ಕುರ್ಲಾದಲ್ಲೇ ಮೀನು ಸಾಕುತ್ತಿರುವ ಇಮಾಮಸಾಬರಿಗೆ ಫೋನು ಮಾಡಿದೆ.

“ಇಮಾಮಸಾಬ್, ಅವತ್ತು ನಾ ರುಚಿ ನೋಡಿದ್ದಿಲ್ರಿ. ಸುಳ್ಳ ಹೇಳಿದ್ದೆ.”

ಬೈಯಲೆಂದು ಕಾದೆ. ಆಮೇಲೆ ಫೋನು ಕೈಯಲ್ಲೇ ಹಿಡಿದು ಅವರು ಒಳಗೆ ಕೂಗಿದ್ದು ಕೇಳಿಸಿತು:

“ಏ ರಾಬಿಯಾ! ಆ ಹಿಟ್ಟ ಇಲ್ಲಿ ತಾ, ನಾನ ನೋಡ್ತೀನಿ!”