ಕಂದು ಮರಿಗೆ ಬೀಜ ತೆಗೆಸಿದ್ದು

ಗಂಡು ಕುದುರೆ ಮರಿ ಸಾಕಿದವರು ಈಗಲೂ ನನ್ನನ್ನು ಕೇಳಲು ಬರುತ್ತಾರೆ. ಬೀಜ ತೆಗೆಸಿದರೆ ಏನಾಗುತ್ತದೆ, ಎಷ್ಟು ದಿನಕ್ಕೆ ಹೇರು ಹೊರುತ್ತದೆ, ಬದುಕುತ್ತದೋ ಇಲ್ಲವೋ. ನಾನು ಎಲ್ಲ ಹೇಳುತ್ತೇನೆ, ಒಂದನ್ನು ಬಿಟ್ಟು. ಆ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯವರಿಗೆ ಓದು ಬರುವುದಿಲ್ಲ, ಆ ಧೈರ್ಯ.

ನಮ್ಮದು ಜಗಳೂರು ಕಡೆ, ಕುರಿಯೇ ಬದುಕು. ದೀಪಾವಳಿ ಮುಗಿಯುತ್ತಲೇ ಮಂದೆ ಹೊಡೆದುಕೊಂಡು ಚನ್ನಗಿರಿ ದಾಟಿ ಹೊನ್ನಾಳಿ, ನ್ಯಾಮತಿ ಕಡೆ ನಡೆಯುತ್ತೇವೆ. ಭತ್ತ ಕೊಯ್ದ ಗದ್ದೆಯಲ್ಲಿ ನಮ್ಮ ಕುರಿಗೆ ಮೇವು, ಗದ್ದೆಯವರಿಗೆ ಗೊಬ್ಬರ. ಪಾತ್ರೆ, ಕಂಬಳಿ, ಮಂದೆಗೆ ಸುತ್ತುವ ಬಲೆ, ಇನ್ನೂ ನಡೆಯಲಾರದ ಕುರಿಮರಿಗಳು, ಎಲ್ಲವೂ ಕುದುರೆಯ ಬೆನ್ನ ಮೇಲೆ. ಈಗ ಕೆಲವರು ಟೆಂಪೋ ಮಾಡಿಕೊಳ್ಳುತ್ತಾರೆ. ಟೆಂಪೋ ಗದ್ದೆಯ ಬದುವಿನ ಮೇಲೆ ಹೋಗುವುದಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಆ ಮನೆಗೆ ಸೊಸೆಯಾದವಳು. ಅದರ ಜಂಬ ಇತ್ತು, ಇಲ್ಲ ಅನ್ನುವುದಿಲ್ಲ. ಮಾತ್ರೆಯ ಮೇಲಿನ ಹೆಸರು ಓದುವುದಿರಲಿ, ಬಸ್ಸಿನ ಬೋರ್ಡ್ ಓದುವುದಿರಲಿ, ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನನಗೆ ಕೋಪವೂ ಮೂಗಿನ ತುದಿಯಲ್ಲೇ. ಯಾರಾದರೂ ಎದುರು ಮಾತಾಡಿದರೆ ಎರಡು ದಿನ ಮುಖ ತಿರುಗಿಸಿಕೊಂಡಿರುತ್ತಿದ್ದೆ.

ನಮ್ಮ ಹೇರಿನ ಕುದುರೆಗೆ ವಯಸ್ಸಾಗಿತ್ತು. ಅದರ ಮಗನೇ ಈ ಕಂದು ಮರಿ, ಎರಡು ವರ್ಷದ್ದು. ಮುಂದಿನ ವರ್ಷದಿಂದ ತಾಯಿಯ ಹೇರನ್ನು ಅದೇ ಹೊರಬೇಕಿತ್ತು. ಬೆಲ್ಲ ಬೇಕಾದಾಗ ಬಂದು ನನ್ನ ಸೆರಗು ಜಗ್ಗುತ್ತಿತ್ತು. "ಅದಕ್ಕೆ ತಿನ್ಸೋ ಬೆಲ್ಲ ನನಗೆ ತಿನ್ಸಿದ್ರೆ ನಾನೇ ಹೇರು ಹೊರ್ತಿದ್ದೆ ಬಿಡು" ಎಂದು ನಮ್ಮ ಮನೆಯವರು ಹಂಗಿಸುತ್ತಿದ್ದರು.

ಆ ವರ್ಷ ಕೆರೆಬಿಳಚಿ ಹತ್ತಿರ ಎದುರಿಗೆ ಬೇರೆಯವರ ಮಂದೆ ಬಂತು. ಅವರ ಹೆಣ್ಣು ಕುದುರೆಯನ್ನು ಕಂಡದ್ದೇ ತಡ, ನಮ್ಮ ಮರಿ ಹಗ್ಗ ಕಿತ್ತುಕೊಂಡು ಓಡಿತು. ಅಭ್ಯಾಸವಾಗಲಿ ಎಂದು ಅದರ ಬೆನ್ನಿಗೆ ಕಟ್ಟಿದ್ದ ಚೀಲದಲ್ಲಿ ಮೂರು ಕುರಿಮರಿಗಳಿದ್ದವು. ಚೀಲ ಜಾರಿ ಹೊಟ್ಟೆಯ ಕೆಳಗೆ ಬಂತು, ಮರಿ ಅದನ್ನೇ ತುಳಿದುಕೊಂಡು ಓಡಿತು. ನಾವು ಹೋಗಿ ಬಿಚ್ಚಿದಾಗ ಎರಡು ಸತ್ತಿದ್ದವು. ಮೂರನೆಯದನ್ನು ಸಂಜೆಗೆ ನಾವೇ ಮುಗಿಸಬೇಕಾಯಿತು.

"ಇದನ್ನ ಸಂತೆಗೆ ಹೊಡಿತೀನಿ" ಎಂದರು ಮನೆಯವರು. "ಮದಕ್ಕೆ ಬಂದ ಗಂಡು, ಇನ್ನು ಮಾತು ಕೇಳಾಕಿಲ್ಲ."

"ಬೀಜ ತೆಗೆಸಿದ್ರೆ ಕೇಳ್ತೈತೆ" ಎಂದೆ.

"ಟಗರಿಗೆ ಮಾಡ್ದಂಗಲ್ಲ ಕುದುರೆಗೆ ಮಾಡೋದು. ಸತ್ತು ಗಿತ್ತರೆ?"

"ಡಾಕ್ಟ್ರನ್ನ ಕರೆಸ್ತೀನಿ. ಏನಾದ್ರೂ ಆದ್ರೆ ಅದು ನನ್ನ ತಲೆ ಮೇಲಿರ್ಲಿ."

ಈ ಮಾತನ್ನು ಎಲ್ಲರ ಎದುರು ಆಡಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಸೂರಗೊಂಡನಕೊಪ್ಪದ ಹತ್ತಿರ ಒಂದು ಗದ್ದೆಯಲ್ಲಿ ಹದಿನೈದು ದಿನ ಬೀಡು ಬಿಟ್ಟಿದ್ದಾಗ ಡಾಕ್ಟರಿಗೆ ಫೋನ್ ಮಾಡಿದೆ. ಸ್ಕೂಟಿ ಮೇಲೆ ಬಂದವರು ಒಬ್ಬ ಹುಡುಗಿ, ನನಗಿಂತ ಚಿಕ್ಕವರು. ನಾನೇ ಒಳಗೊಳಗೆ ಅಳುಕಿದೆ. ವರ್ಷಕ್ಕೆ ಹತ್ತಾರು ಟಗರಿಗೆ ತಾವೇ ಬೀಜ ಒಡೆಯುವ ನಮ್ಮ ಮನೆಯವರು "ನನಗೆ ಇದನ್ನ ನೋಡಾಕೆ ಆಗಾಕಿಲ್ಲ" ಎಂದು ಕುರಿ ಹೊಡೆದುಕೊಂಡು ಹೊರಟೇಬಿಟ್ಟರು. ಗದ್ದೆಯ ಕೆಲಸದವರು ಇಬ್ಬರು ಹಗ್ಗ ಹಿಡಿಯಲು ನಿಂತರು.

ಹಿಂದಿನ ಸಂಜೆಯಿಂದ ಮರಿಗೆ ಮೇವು ಹಾಕಬಾರದು ಎಂದಿದ್ದರು, ಹಾಕಿರಲಿಲ್ಲ. ಡಾಕ್ಟರಮ್ಮ ಮೊದಲು ಎರಡೂ ಬೀಜ ಕೆಳಗಿಳಿದಿವೆಯೋ ಎಂದು ಮುಟ್ಟಿ ನೋಡಿದರು. ಒಂದೇ ಇಳಿದಿದ್ದರೆ ಕೈ ಹಾಕುವುದಿಲ್ಲ, ದೊಡ್ಡ ಆಸ್ಪತ್ರೆಗೇ ಒಯ್ಯಬೇಕು ಎಂದರು. ಧನುರ್ವಾಯು ಬಾರದ ಹಾಗೆ ಒಂದು ಇಂಜೆಕ್ಷನ್ ಕೊಟ್ಟರು. ಆಮೇಲೆ ಕುತ್ತಿಗೆಗೆ ಇನ್ನೊಂದು, ಮತ್ತೊಂದು. ಮರಿ ತೂರಾಡಿ, ಮಂಡಿ ಮಡಚಿ ಹುಲ್ಲಿನ ಮೇಲೆ ಒರಗಿತು. ಮೇಲಿನ ಹಿಂಗಾಲಿಗೆ ಹಗ್ಗ ಹಾಕಿ ಮುಂದಕ್ಕೆ ಎಳೆದು ಹಿಡಿದರು. ಕೊಯ್ದದ್ದು ಕಂಡಿತು, ನರವನ್ನು ಜಜ್ಜಿ ಕತ್ತರಿಸುವ ಇಕ್ಕಳದ ಸದ್ದು ಎರಡು ಸಲ ಕೇಳಿಸಿತು. ನಾನು ಒಂದು ಸೊಪ್ಪಿನ ಸಾರು ಮಾಡುವಷ್ಟು ಹೊತ್ತೂ ಆಗಿರಲಿಲ್ಲ. ಮರಿ ಒಮ್ಮೆಯೂ ಕೂಗಲಿಲ್ಲ.

ಅರ್ಧ ಗಂಟೆಗೆ ಅದು ಎದ್ದು ನಿಂತಿತು. ಗಾಯಕ್ಕೆ ಹೊಲಿಗೆ ಇರಲಿಲ್ಲ, ಬಾಯಿ ತೆರೆದುಕೊಂಡೇ ಇತ್ತು.

"ಹೊಲಿಯಾಕೆ ಮರೆತ್ರಾ ಮೇಡಂ?" ಎಂದೆ.

"ಇಲ್ಲ ಅಕ್ಕ, ಹೊಲಿಯಬಾರದು. ಒಳಗಿನ ಕೆಟ್ಟ ನೀರು ಇಳಿದು ಹೋಗಬೇಕು. ಗಾಯ ಮುಚ್ಚಬೇಡಿ, ಏನೂ ತುಂಬಬೇಡಿ. ಇವತ್ತು ರಕ್ತ ತೊಟ್ಟಿಕ್ಕುತ್ತೆ. ಹನಿ ಎಣಿಸೋಕೆ ಆಗೋ ಹಾಗಿದ್ದರೆ ಹೆದರಬೇಡಿ, ಎಣಿಸೋಕೆ ಆಗದ ಹಾಗೆ ಸುರಿದರೆ ತಕ್ಷಣ ಫೋನ್ ಮಾಡಿ. ನಾಳೆಯಿಂದ ಬೆಳಗ್ಗೆ ಸಂಜೆ ನಡೆಸಿ. ಬಾತುಕೊಳ್ಳುತ್ತೆ, ನೋವಾಗುತ್ತೆ, ಆದರೂ ನಡೆಸಲೇಬೇಕು. ನಿಂತಲ್ಲೇ ನಿಂತರೆ ಬಾವು ಹೆಚ್ಚುತ್ತೆ. ಇನ್ನೂ ಒಂದೂವರೆ ತಿಂಗಳು ಹೆಣ್ಣು ಕುದುರೆ ಹತ್ತಿರ ಬಿಡಬೇಡಿ."

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು, ನೊಣಕ್ಕೆ ಹೊಡೆಯುವ ಔಷಧಿಯ ಡಬ್ಬಿಯ ಜೊತೆ ನನ್ನ ಕೈಗೆ ಕೊಟ್ಟರು. ಸಂಜೆ ಮನೆಯವರು ಬಂದು ಚೀಟಿ ಓದು ಎಂದರು. ಓದಿದೆ.

ಮೊದಲ ದಿನ ಅವರು ಹೇಳಿದಂತೆಯೇ ಹನಿ ಬಿತ್ತು. ಕೂತು ಎಣಿಸಿದೆ. ಎರಡನೆಯ ದಿನ ಬಾವು ಬಂತು. ನಡೆಸಲು ಹೋದರೆ ಮರಿ ಹಿಂಗಾಲು ಅಗಲಿಸಿಕೊಂಡು, ಕಿವಿ ಹಿಂದಕ್ಕೆ ಮಾಡಿ ನನ್ನನ್ನೇ ನೋಡಿತು. ಕೊಯ್ದ ಜೀವವನ್ನು ಯಾರಾದರೂ ನಡೆಸುತ್ತಾರೆಯೇ? ಬಾಣಂತಿಯನ್ನು ಮಲಗಿಸುತ್ತೇವೋ ಓಡಿಸುತ್ತೇವೋ? ನೆರಳಿಗೆ ಕಟ್ಟಿಹಾಕಿದೆ.

ಮೂರನೆಯ ದಿನ ಗಾಯದ ಮೇಲೆ ನೊಣ ಕೂತದ್ದನ್ನು ಕಂಡೆ. ಕುರಿ ಸಾಕಿದವರಿಗೆ ನೊಣ ಅಂದರೆ ಹುಳ. ನಾನು ಮದುವೆಯಾಗಿ ಬಂದ ವರ್ಷ ಒಂದು ಕುರಿಯ ಬಾಲದಡಿ ಹುಳ ಬಿದ್ದು, ಅದು ಜೀವಂತ ಇರುವಾಗಲೇ ಹುಳ ಅದನ್ನು ತಿಂದದ್ದನ್ನು ನೋಡಿದ್ದೆ. ನಮ್ಮಲ್ಲಿ ಯಾವ ಗಾಯವನ್ನೂ ಬಾಯಿಬಿಟ್ಟು ಬಿಡುವುದಿಲ್ಲ. ಸೀತಾಫಲದ ಸೊಪ್ಪು ಅರೆದು ತುಂಬುತ್ತೇವೆ, ಹುಳ ಸಾಯುತ್ತದೆ, ಕುರಿ ಬದುಕುತ್ತದೆ. ಡಬ್ಬಿಯ ಔಷಧಿ ಹೊಡೆದರೆ ಮರಿ ಒದೆಯುತ್ತಿತ್ತು. ನಾನು ಬೇಲಿಗೆ ಹೋಗಿ ಸೊಪ್ಪು ಕಿತ್ತು ತಂದೆ. ನುಣ್ಣಗೆ ಅರೆದು, ಗಾಯದ ಒಳಗೆ ಬೆರಳು ಹಾಕಿ ಒತ್ತಿ ತುಂಬಿದೆ. ಚೀಟಿ ನನ್ನ ರವಿಕೆಯೊಳಗೇ ಇತ್ತು.

ಮಾರನೆಯ ದಿನವೂ ತುಂಬಿದೆ. ಮನೆಯವರು ಬರುವ ಹೊತ್ತಿಗೆ ಹೊರಗೆ ಕಾಣುವ ಹಸಿರನ್ನು ಒರೆಸಿಬಿಡುತ್ತಿದ್ದೆ. ಯಾಕೆಂದರೆ ಡಾಕ್ಟರೇ ಬೇಕು ಎಂದು ಹಾರಾಡಿದವಳು ನಾನು. ಸೊಪ್ಪು ಕಂಡರೆ "ಇದಕ್ಕೇನು ಡಾಕ್ಟ್ರು ಬೇಕಿತ್ತಾ?" ಎಂದು ವರ್ಷವಿಡೀ ಆಡಿಕೊಳ್ಳುತ್ತಿದ್ದರು. ಅಷ್ಟೇ ಕಾರಣ. ಇಷ್ಟು ಸಣ್ಣ ಕಾರಣಕ್ಕೆ.

ಐದನೆಯ ದಿನ ಮರಿ ಮೇವು ಮುಟ್ಟಲಿಲ್ಲ. ಬಾವು ಹೊಟ್ಟೆಯ ಕೆಳಗೆ ಎದೆಯ ತನಕ ಹಬ್ಬಿತ್ತು, ಮೈ ಕಾದ ಹೆಂಚು. ಫೋನ್ ಮಾಡಿದೆ. ಡಾಕ್ಟರಮ್ಮ ಬಂದು ಕೈಗವಸು ಹಾಕಿ ಗಾಯದೊಳಗೆ ಬೆರಳಾಡಿಸಿದರು. ಕೊಳೆತ ವಾಸನೆಯ ಕೀವು ಸುರಿಯಿತು, ಅದರ ಹಿಂದೆ ಹಸಿರು ಮುದ್ದೆ ಬಂತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿದರು.

ನಮ್ಮ ಮನೆಯವರು ಕುದುರೆಯ ಆಚೆ ಬದಿಗೆ ಹಗ್ಗ ಹಿಡಿದಿದ್ದರು, ಅವರಿಗೆ ಕಾಣಲಿಲ್ಲ. "ಏನ್ ಮಾಡಿಟ್ರಿ ಮೇಡಂ ನೀವು? ಓದಿದೋರು ಅಂತ ನಂಬಿದ್ವಲ್ಲ!" ಎಂದು ಕೂಗಾಡಿದರು. ಆ ಹುಡುಗಿ ಮುದ್ದೆಯನ್ನು ಕೆಳಗೆ ಹಾಕಿ, ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ಹೋಗುವಾಗ ನನ್ನನ್ನು ಸ್ಕೂಟಿಯ ಹತ್ತಿರ ಕರೆದರು.

"ಅಕ್ಕ, ನಾನು ಹೇಳಿದರೆ ನಿಮ್ಮಿಬ್ಬರ ನಡುವೆ ಜಗಳ ಆಗುತ್ತೆ. ನೀವೇ ಹೇಳಿಬಿಡಿ. ಇನ್ನೊಂದು ಮರಿಗೆ ಹೀಗಾಗಬಾರದು."

ಹೂಂ ಎಂದೆ.

ಹೇಳಲಿಲ್ಲ. ಮುಂದಿನ ಎರಡು ದಿನವೂ ಅವರು ಕರೆಯದೆ ತಾವೇ ಬಂದರು. ಬಂದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದರು, ನಾನು ನೀರು ತರುವ ನೆವದಲ್ಲಿ ಎದ್ದು ಹೋಗುತ್ತಿದ್ದೆ. ಎಂಟನೆಯ ದಿನ ಬೆಳಗ್ಗೆ ಮರಿ ಸತ್ತಿತು. ದೂರ ಕಟ್ಟಿದ್ದ ತಾಯಿ ಕುದುರೆ ಹಗ್ಗ ಬಿಡಿಸಿಕೊಂಡು ಬಂದು ಅದರ ಕಿವಿ ನೆಕ್ಕುತ್ತಿತ್ತು. ಗದ್ದೆಯವರ ಜೆಸಿಬಿ ಕಾಲುವೆ ದಂಡೆಯಲ್ಲಿ ಗುಂಡಿ ತೋಡಿತು. ಮನೆಯವರು ಫೋನಿನಲ್ಲಿ ಡಾಕ್ಟರಮ್ಮನಿಗೆ ಬಾಯಿಗೆ ಬಂದಂತೆ ಬೈದರು. ನಾನು ಒಲೆಯ ಮುಂದೆ ಕೂತು ಚೀಟಿಯನ್ನು ಬೆಂಕಿಗೆ ಹಾಕಿದೆ. ಅಳು ಬಂತು, ಮರಿಗಾಗಿ ಅಳುತ್ತಿದ್ದೇನೆ ಅಂದುಕೊಂಡರು ಎಲ್ಲ. ಅರ್ಧ ನಿಜ.

ಹೋದಲ್ಲೆಲ್ಲ ನಮ್ಮ ಮನೆಯವರು ಅದನ್ನೇ ಹೇಳಿದರು. ಹೊನ್ನಾಳಿಯಲ್ಲಿ ಚಹಾ ಕುಡಿಯುವಾಗ, ಚನ್ನಗಿರಿ ದಾರಿಯಲ್ಲಿ ಎದುರಾದ ಮಂದೆಯವರಿಗೆ. "ಆ ಹುಡುಗಿ ಕೈಯಾಗೆ ಸಿಕ್ಕರೆ ಕುದುರೆ ಉಳಿಯಾಕಿಲ್ಲ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಪ್ರತಿ ಸಲವೂ ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ.

ಮರುವರ್ಷ ಮನೆಯವರ ಚಿಕ್ಕಮ್ಮನ ಮಂದೆ ನಮ್ಮ ಜೊತೆಗೇ ಬಂತು. ಅವರಲ್ಲೂ ಒಂದು ಗಂಡು ಮರಿ. ಚಿಕ್ಕಮ್ಮ ನನ್ನ ಹತ್ತಿರ ಕೂತು ಕೇಳಿದರು, ನಾನು ಚೀಟಿಯಲ್ಲಿದ್ದುದನ್ನೆಲ್ಲ ಬಾಯಿಪಾಠ ಹೇಳಿದೆ. ಹನಿ ಎಣಿಸಬೇಕು, ನಡೆಸಬೇಕು, ಗಾಯಕ್ಕೆ ಏನೂ ತುಂಬಬಾರದು.

"ಇಷ್ಟೆಲ್ಲ ಗೊತ್ತಿದ್ದೂ ನಿಮ್ದು ಹೆಂಗೆ ಸತ್ತಿತು? ಆ ಡಾಕ್ಟ್ರಮ್ಮನ ಕೈಗುಣ ಅಂತಾರಲ್ಲ, ದಿಟನಾ?"

ನಮ್ಮ ಮನೆಯವರು ಪಕ್ಕದಲ್ಲೇ ಕಂಬಳಿ ಹಾಸಿಕೊಂಡು ಕೂತಿದ್ದರು. ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ದಿಟ ಚಿಕ್ಕಮ್ಮ" ಎಂದೆ.

ಅವರು ಡಾಕ್ಟರನ್ನು ಕರೆಯಲಿಲ್ಲ. ಚಾಕು ಹಿಡಿದ ಒಬ್ಬ ಮುದುಕನನ್ನು ಕರೆಸಿದರು. ಮಂಪರು ಬರಿಸುವ ಇಂಜೆಕ್ಷನ್ ಇಲ್ಲ, ಏನೂ ಇಲ್ಲ. ನಾಲ್ಕು ಕಾಲಿಗೂ ಹಗ್ಗ ಹಾಕಿ ನಾಲ್ಕು ಜನ ಕೆಡವಿದರು. ಕುದುರೆಗಳಿಗೆ ನನ್ನ ಕೈ ಅಂದರೆ ಸಮಾಧಾನ ಎಂದು ತಲೆ ಹಿಡಿಯಲು ನನ್ನನ್ನೇ ಕೂರಿಸಿದರು. ಕೊಯ್ಯುವಾಗ ಅದು ಕೂಗಿದ ಕೂಗು ನನ್ನ ತೊಡೆಯೊಳಗೆ ನಡುಗಿತು. ಉಚ್ಚೆ ಹೊಯ್ದುಕೊಂಡಿತು. ಕಣ್ಣು ಇಷ್ಟಗಲ ಬಿಟ್ಟು ನನ್ನನ್ನೇ ನೋಡುತ್ತಿತ್ತು.

ಅದು ಬದುಕಿತು. ನೋಡಿ, ಮುದುಕನ ಕೈಯಾಗೆ ಬದುಕ್ತು, ಡಾಕ್ಟ್ರ ಕೈಯಾಗೆ ಸತ್ತಿತು ಎಂದು ಮಾತಾಯಿತು. ಅಲ್ಲಿಂದ ಈಚೆಗೆ ನಮ್ಮ ಕಡೆಯ ಮಂದೆಯವರು ಯಾರೂ ಕುದುರೆ ಮರಿಗೆ ಡಾಕ್ಟರನ್ನು ಕರೆಯುವುದಿಲ್ಲ, ಮುದುಕನನ್ನೇ ಕರೆಯುತ್ತಾರೆ. ತಲೆ ಹಿಡಿಯಲು ನನ್ನನ್ನು ಕರೆಯುತ್ತಾರೆ. ಇಲ್ಲಿಯವರೆಗೆ ನಾಲ್ಕು ಮರಿಗಳ ತಲೆ ಹಿಡಿದಿದ್ದೇನೆ. ನಾಲ್ಕಕ್ಕೂ ಎಚ್ಚರ ಇತ್ತು.