ಚಕ್ರದ ಮನೆಗೆ ಪೂರ್ವದ ಬಾಗಿಲು

ಅಂದು ಕಾಫಿ ಕುಡಿದದ್ದು ದಾರಿಯ ಓರೆಬ್ರೂ ಊರಿನಲ್ಲೋ ಅದನ್ನು ದಾಟಿದ ಮೇಲೋ, ನನಗೀಗ ಖಾತ್ರಿಯಿಲ್ಲ. ಟ್ರ್ಯಾಕ್ಟರ್ ಕೆಂಪಗಿತ್ತೆಂದು ನಾನು, ಹಸಿರೆಂದು ರಘು. ಆದರೂ ಬರೆಯುತ್ತಿದ್ದೇನೆ.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ, ಕತ್ತಲಲ್ಲೇ ರಘುವಿನ ಕಾರಿನಲ್ಲಿ ಲಿಂಕೋಪಿಂಗ್ ಬಿಟ್ಟೆವು. ಕಾರ್ಲ್‌ಸ್ಟಾಡ್‌ಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್. ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ನನ್ನ ಸಹೋದ್ಯೋಗಿ ರಘು ಕುಂದಾಪುರದವನು. ಕಾರ್ಲ್‌ಸ್ಟಾಡ್‌ನಲ್ಲಿ ಸರೋವರದ ದಂಡೆಯ ಕ್ಯಾಂಪಿಂಗ್ ಜಾಗದಲ್ಲಿ ಚಕ್ರದ ಮೇಲೆ ನಿಂತ ಮನೆಯೊಂದನ್ನು ಕೊಂಡು, ಬೇಸಿಗೆಯಲ್ಲಿ ಮೀನು ಹಿಡಿಯಲು ಬರುವವರಿಗೆ ಬಾಡಿಗೆಗೆ ಕೊಡುವುದು ಅವನ ಯೋಜನೆ. ಮನೆ ಸ್ವಂತ, ನೆಲ ಮಾತ್ರ ಕ್ಯಾಂಪಿನವರದು. ಅವನ ಮೊದಲ ಹೂಡಿಕೆ ಇದು.

"ನೀನು ಬರೀ ಡೌಟ್ ಪಡು ಮಾರಾಯ, ಉಳಿದದ್ದು ನಾನು ನೋಡ್ಕೋತೀನಿ," ಎಂದಿದ್ದ.

ಒಂಬತ್ತು ದಾಟಿ, ಬೆಳಕು ಹರಿಯುವಾಗ ತಲುಪಿದೆವು. ಮನೆಯೊಡತಿ ಇಂಗ್ರಿಡ್, ಎಪ್ಪತ್ತರ ಆಸುಪಾಸಿನವರು, ಏಲಕ್ಕಿ ಬನ್ನು ಕೊಟ್ಟು, ಹನ್ನೆರಡಕ್ಕೆ ಮನೆ ಕೊಳ್ಳಲು ಇನ್ನೊಬ್ಬರು ಬರುತ್ತಾರೆಂದು ಎಚ್ಚರಿಸಿದರು. ನಾನು ನೆಲ ತಟ್ಟಿದೆ, ನಲ್ಲಿ ತಿರುಗಿಸಿದೆ, ಹಾಸಿಗೆ ಮೂಸಿದೆ. ಒಂದೂ ಹುಳುಕು ಸಿಗಲಿಲ್ಲ. ಅಷ್ಟರಲ್ಲಿ ರಘುವಿನ ಹೆಂಡತಿ ಶುಭಾಳ ಫೋನು.

"ಬಾಗಿಲು ಯಾವ ಕಡೆಗಿದೆ? ಪೂರ್ವಕ್ಕಿಲ್ಲಾಂದ್ರೆ ನನ್ನ ಪಾಲಿನ ದುಡ್ಡು ಕೊಡಲ್ಲ. ಅಷ್ಟೇ!"

ಫೋನಿನ ದಿಕ್ಸೂಚಿ ಪೂರ್ವವೆಂದೇ ತೋರಿಸಿತು. ಆದರೆ ಬಾಗಿಲಲ್ಲಿ ನಿಂತರೆ ಸೂರ್ಯ ಬಲಕ್ಕೆ ಓರೆಯಾಗಿದ್ದ.

"ಅದನ್ನ ನಂಬಬೇಡ. ಸುತ್ತ ಎಲ್ಲಾ ಕಬ್ಬಿಣ, ತಪ್ಪು ತೋರಿಸುತ್ತೆ," ಎಂದೆ. "ಅಲ್ನೋಡು, ಸೂರ್ಯ ಈಗ ತಾನೇ ಹುಟ್ಟಿದಾನೆ. ಅದೇ ಪೂರ್ವ. ಇದರಲ್ಲೂ ಡೌಟಾ?"

ರಘುವಿನ ಮುಖ ಬಾಡಿತು. ವಿಷಯ ಕೇಳಿ ಇಂಗ್ರಿಡ್ ನಕ್ಕರು: "ಇಷ್ಟೇನಾ? ಚಕ್ರ ಇರೋದು ಮತ್ಯಾಕೆ?"

ಅವರೇ ಟ್ರ್ಯಾಕ್ಟರ್ ತಂದರು. ನಾವು ಚಕ್ರಗಳಿಗೆ ಆನಿಸಿದ್ದ ಕಲ್ಲುಗಳನ್ನು ತೆಗೆದೆವು. ಒಂದೂವರೆ ಗಂಟೆಯ ಎಳೆದಾಟದ ನಂತರ ಬಾಗಿಲು ಸೂರ್ಯ ಹುಟ್ಟಿದ ಕಡೆಗೆ ತಿರುಗಿತು. ಕಿಟಕಿಯಲ್ಲಿದ್ದ ಸರೋವರ ಮಾಯವಾಗಿ ಶೌಚಾಲಯಗಳ ಸಾಲು ಕಂಡಿತು.

"ನಿಮಗೆ ನೀರಿಗಿಂತ ಇದೇ ಇಷ್ಟವಾ?" ಇಂಗ್ರಿಡ್ ವಿನಯದಿಂದಲೇ ಕೇಳಿದರು.

ಬಾಗಿಲಿಗೆ ಬಿಸಿಲು ಬಿದ್ದ ಫೋಟೋ ಶುಭಾಗೆ ಹೋಯಿತು. "ಈಗ ನೋಡಿ, ಎಷ್ಟು ಲಕ್ಷಣವಾಗಿದೆ!" ಎಂದಳು. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಸಹಿ ಬಿತ್ತು. ಹಿಂತಿರುಗುವಾಗ ದಾರಿಯುದ್ದಕ್ಕೂ ರಘು ನನ್ನ ಓದನ್ನು ಹೊಗಳಿದ.

ಟ್ರ್ಯಾಕ್ಟರಿನ ಬಣ್ಣ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ವಾರದ ನಂತರ ಒಂದು ಸಂಗತಿಯನ್ನು ಪರೀಕ್ಷಿಸಿದೆ. ರಘುವಿಗೆ ಹೇಳಿಲ್ಲ, ಇದನ್ನು ಓದಿದರೆ ತಿಳಿಯುತ್ತದೆ. ಡಿಸೆಂಬರಿನಲ್ಲಿ, ಅಷ್ಟು ಉತ್ತರದ ಆ ಊರಲ್ಲಿ ಸೂರ್ಯ ಹುಟ್ಟುವುದು ಆಗ್ನೇಯದಲ್ಲಿ. ಇಂಟರ್ನೆಟ್ಟಿನಲ್ಲಿದ್ದ, ಹಿಂದಿನ ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ಮನೆ ಇನ್ನೂ ಹಳೆಯ ಹಾಗೆಯೇ ನಿಂತಿತ್ತು, ಬಾಗಿಲಿನ ಬದಿ ನೇರ ಪೂರ್ವಕ್ಕೆ.