ಸೋಡಾ ನೀರಿನಲ್ಲಿ ಮಿಂದ ಕೆಂಪು ಬಸವ

ಮದುವೆಯಾಗಿ ಬಾದಾಮಿಯಿಂದ ಕೊಳ್ಳೇಗಾಲಕ್ಕೆ ಬಂದ ಮೇಲಿನ ನನ್ನ ಮೊದಲ ಶಿವರಾತ್ರಿ ಅದು. ಗಂಡನ ಮನೆಯವರು ರೇಷ್ಮೆ ನೇಯುವವರು. ನಾನು ಹನೂರಿನ ಶಾಲೆಯೊಂದರಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ತವರಿನಿಂದ ಜೋಪಾನವಾಗಿ ತಂದದ್ದೆಂದರೆ ಅಂಗೈಯಗಲದ ಒಂದು ಕೆಂಪು ಕಲ್ಲಿನ ಬಸವ. ಶಿಲ್ಪಿಯಾಗಿದ್ದ ಅಪ್ಪ ಕಾಯಿಲೆ ಬಿದ್ದಾಗ ಮಂಚದ ಮೇಲೆ ಕೂತೇ ನನಗಾಗಿ ಕೆತ್ತಿದ್ದು. ಅದೇ ಅವರ ಕೊನೆಯ ಕೆಲಸ. ಅವರು ಹೋದ ಮೇಲೆ ಕೂಡಿಬಂದ ಸಂಬಂಧ ನಮ್ಮದು.

ನಮ್ಮತ್ತೆಗೆ ತೊಳೆಯುವ ಹುಚ್ಚು. ಹಸಿ ರೇಷ್ಮೆಯ ಅಂಟು ಬಿಡಿಸಲು ಸೋಪು, ಸೋಡಾ ಹಾಕಿ ನೂಲು ಬೇಯಿಸುತ್ತಾರಲ್ಲ, ಉಳಿದ ಆ ಬಿಸಿನೀರನ್ನು ಅವರು ಎಂದೂ ಚೆಲ್ಲುವವರಲ್ಲ. ಒರಳು, ಮೆಟ್ಟಿಲು, ದೀಪದ ಕಲ್ಲು ಎಲ್ಲಕ್ಕೂ ಅದರಲ್ಲೇ ಅಭ್ಯಂಜನ. ಹಬ್ಬಕ್ಕೆಂದು ಎಣ್ಣೆಜಿಡ್ಡು ಹಿಡಿದಿದ್ದ ನನ್ನ ಬಸವನನ್ನೂ ಒಂದು ದಿನವಿಡೀ ನೆನೆಸಿ, ಬಿಸಿಲಿಗಿಟ್ಟಿದ್ದರು.

"ನೋಡವ್ವಾ, ಮದ್ವೆಗಂಡಿನಂಗೆ ಒಳೀತಾವ್ನೆ!" ಎಂದು ಹೆಮ್ಮೆಯಿಂದ ತೋರಿಸಿದರು. ನಾನೂ ನಕ್ಕೆ.

ಕೆಲವು ದಿನಗಳಲ್ಲಿ ಕಲ್ಲಿನ ಮೇಲೆ ಬಿಳಿ ಉಪ್ಪು ಮೂಡಿತು. ಒಂದು ಬೆಳಿಗ್ಗೆ ನೋಡಿದರೆ ಬಸವನ ಮೂತಿ, ಕಣ್ಣು ಎಲ್ಲ ಹಪ್ಪಳದಂತೆ ಎದ್ದು ಕೆಳಗೆ ಉದುರಿದ್ದವು. ಅಪ್ಪನೇ ಇನ್ನೊಮ್ಮೆ ಹೋದಂತಾಯಿತು. ಅತ್ತೆಯ ಮೇಲೆ ಕೆಟ್ಟ ಸಿಟ್ಟು ಬಂತು. ತಿಂಡಿಯನ್ನೂ ಮುಟ್ಟದೆ ಶಾಲೆಗೆ ಬಸ್ಸು ಹತ್ತಿದೆ.

ಸಂಜೆ ಬಂದಾಗ ಅತ್ತೆ ಹಿತ್ತಲಲ್ಲಿ ಕೂತಿದ್ದರು. ಮಗ್ಗದ ಹಾಸುನೂಲಿಗೆ ಹಚ್ಚುವ ಗಂಜಿಯನ್ನು ಬಟ್ಟಲಲ್ಲಿಟ್ಟುಕೊಂಡು, ಉದುರಿದ ಚೂರುಗಳನ್ನು ಒಂದೊಂದಾಗಿ ಅಂಟಿಸಲು ಒದ್ದಾಡುತ್ತಿದ್ದರು. ಮುಟ್ಟಿದ್ದೆಲ್ಲ ಮರಳಾಗಿ ಕೈಗೆ ಬರುತ್ತಿತ್ತು.

"ನಮ್ಮ ಒರಳ್ಗೆ ಇಷ್ಟ್ ಕಾಲದಿಂದ ಇದ್ನೇ ಉಯ್ತಿವ್ನಿ, ಏನೂ ಆಗ್ನಿಲ್ಲ ಕಣವ್ವಾ. ಕಲ್ಲು ಅಂದ್ರೆ ಕಲ್ಲಲ್ವಾ?" ಎಂದರು. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಪಕ್ಕದಲ್ಲಿ ಕೂತು ಹೇಳಿದೆ. ಇಲ್ಲಿನ ಕರಿಕಲ್ಲು ಭೂಮಿಯ ಆಳದಲ್ಲಿ ಬೆಂದು ಗಟ್ಟಿಯಾದದ್ದು. ನಮ್ಮ ಬಾದಾಮಿಯದು ಹಾಗಲ್ಲ. ಕೋಟ್ಯಂತರ ವರ್ಷಗಳ ಹಿಂದೆ ನದಿಗಳು ತಂದು ಹರವಿದ ಮರಳು ಪದರ ಪದರವಾಗಿ ಒತ್ತಿಕೊಂಡು ಕಲ್ಲಾಯಿತು. ಕಬ್ಬಿಣದ ತುಕ್ಕು ಸೇರಿ ಕೆಂಪಾಯಿತು. ಆಮೇಲೆ ನೆಲವೇ ಮೇಲೆದ್ದು ಗುಡ್ಡವಾಯಿತು. ಎದ್ದು ನಿಂತದ್ದನ್ನು ಮಳೆ, ಬಿಸಿಲು ಬಿಟ್ಟಾವೆಯೇ? ನೀರು ಬಿರುಕಿಗಿಳಿಯುತ್ತದೆ, ಒಣಗುವಾಗ ಅದರಲ್ಲಿ ಕರಗಿದ ಉಪ್ಪು, ಸೋಡಾದ ಹಾಗೇ, ಉಬ್ಬಿ ಪದರ ಎಬ್ಬಿಸುತ್ತದೆ. ಬಾದಾಮಿಯ ಆ ಕಡಿದಾದ ಗೋಡೆಗಳು, ಕೊರಕಲುಗಳು ಆದದ್ದೇ ಹೀಗೆ.

"ನೀವು ಮಾಡಿದ್ದನ್ನ ನಮ್ಮೂರಾಗ ಮಳಿ, ಬಿಸಲು ದಿನಾ ಮಾಡತಾವ್ರೀ ಅತ್ತಿ. ಸಾವಕಾಶ ಮಾಡತಾವ, ಅಷ್ಟ," ಎಂದೆ.

ಅತ್ತೆ ಅಂಗೈಯಲ್ಲಿದ್ದ ಕೆಂಪು ಮರಳನ್ನೇ ನೋಡುತ್ತ ಕೇಳಿದರು: "ಅಂಗಾರೆ ಇದು ಉದುರೋಯ್ತದೆ ಅಂತ ನಿಮ್ಮಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತ್ರೀ. ಹುಟ್ಟಿದಾಗಿಂದ ಅದರಾಗ ಇದ್ದವರು."

"ಗೊತ್ತಿದ್ರೂವೆ ಮಗಳ್ಗೆ ಅಂತ ಕೂತ್ಕಂಡು ಕೆತ್ತವ್ರಲ್ಲವ್ವಾ, ಆ ನೋವ್ನಲ್ಲೂವೆ!"

ಅಷ್ಟು ಹೇಳಿ, ಎಂದೂ ನೋಡಿರದ ಬೀಗರಿಗಾಗಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದರು. ಅಪ್ಪ ಹೋದ ಮೇಲೆ ತಾಯಿಗೆ, ತಮ್ಮನಿಗೆ ಧೈರ್ಯ ಹೇಳುವುದರಲ್ಲೇ ನನಗೆ ಅಳಲು ಪುರುಸೊತ್ತಾಗಿರಲಿಲ್ಲ. ಅವತ್ತು ಕೊಳ್ಳೇಗಾಲದ ಆ ಹಿತ್ತಲಲ್ಲಿ, ಅವರ ಹೆಗಲಿಗೆ ತಲೆಯಿಟ್ಟು, ಅಪ್ಪನಿಗಾಗಿ ಮೊದಲ ಸಲ ಮನಸಾರೆ ಅತ್ತುಬಿಟ್ಟೆ.